ಬೆಕ್ಕಿನ ಹೊಟ್ಟೆ ಸೇರಿದ ಬೀಸುಕಲ್ಲು

ಬನ್ನು ಕಕ್ಕಿದ್ದನ್ನು ಒರೆಸಿ ಆಯ್ತಾ? ಕೈ ತೊಳೆದುಕೊಂಡೆಯಾ? ಹಾಗಾದರೆ ಬನ್ನೂನ ಎತ್ತಿಕೊಂಡು ಇಲ್ಲಿ ಬಾ ಇಂಚರಾ. ಮೆಲ್ಲಗೆ, ಹೊಟ್ಟೆ ಒತ್ತಬೇಡ. ಡಾಕ್ಟರು ಒತ್ತಿ ನೋಡಿದ್ದೇ ಸಾಕು. ರಕ್ತ ತೆಗೆದರು, ಹೊಟ್ಟೆಯೊಳಗಿನ ಫೋಟೋ ತೆಗೆದರು, ಕೊನೆಗೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, ಬೆಕ್ಕಿಗೆ ವಯಸ್ಸಾಗಿದೆ, ಏನಾಗಿದೆ ಅಂತ ಹೇಳೋಕೆ ಆಗ್ತಿಲ್ಲ ಅಂದರು. ಆಗಿನಿಂದ ನೀನು ಮುಖ ಊದಿಸಿಕೊಂಡಿದ್ದೀಯ. ನಿನ್ನ ಅಜ್ಜಿಯ ಹತ್ತಿರ ಔಷಧ ಇಲ್ಲ ಕಂದಾ, ಕತೆ ಇದೆ. ಕೇಳೋದಾದರೆ ಕೇಳು. ನಡುವೆ ಬಾಯಿ ಹಾಕಿದರೆ ಎದ್ದು ಹೋಗಿ ಅಕ್ಕಿ ಆರಿಸ್ತೀನಿ.

ಲೋಕ ಆಗ ತಾನೇ ಹುಟ್ಟಿತ್ತು. ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ಗುಡ್ಡಕ್ಕೆ ಒರಗಿದರೆ ಬೆನ್ನಿಗೆಲ್ಲ ಹಸಿರು ಹತ್ತುತ್ತಿತ್ತು. ಆಕಾಶ ಎಷ್ಟು ಕೆಳಗಿತ್ತು ಅಂದರೆ ಒಗೆದ ಬಟ್ಟೆಯನ್ನು ಮೋಡದ ಅಂಚಿಗೇ ಒಣ ಹಾಕುತ್ತಿದ್ದರು. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಕಲ್ಲು ಕೂಡ ಮಾತಾಡುತ್ತಿತ್ತು. ಹೌದು, ಕಲ್ಲು. ಈಗ ಯಾಕೆ ಮಾತಾಡಲ್ಲ ಅಂತ ಆಮೇಲೆ ಹೇಳ್ತೀನಿ.

ಆಗಿನ ಬೆಕ್ಕುಗಳ ನಾಲಿಗೆ ಬೆಣ್ಣೆಯ ಹಾಗೆ ನುಣುಪಾಗಿತ್ತು. ಮಡಿಲಲ್ಲಿ ಮಲಗಿಸಿಕೊಂಡರೆ ಒಳಗಿನಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಬಟ್ಟೆಯ ಗಂಟು ಇಟ್ಟುಕೊಂಡ ಹಾಗೆ ಸುಮ್ಮನೆ ಇರುತ್ತಿದ್ದವು.

ಆಗಿನ ರೋಗಗಳಿಗೂ ಮರ್ಯಾದೆ ಇತ್ತು. ಹೇಳದೆ ಕೇಳದೆ ಯಾರ ಮೈಗೂ ನುಗ್ಗುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು, ನಾನು ಕೆಮ್ಮು, ಸ್ವಲ್ಪ ದಿನ ಇದ್ದು ಹೋಗ್ತೀನಿ, ತುಳಸಿ ಕಷಾಯ ಕೊಟ್ಟರೆ ಬೇಗ ಹೊರಡ್ತೀನಿ ಅಂತ ಹೇಳಿಯೇ ಒಳಗೆ ಬರುತ್ತಿದ್ದವು. ಜ್ವರವಂತೂ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿತ್ತಂತೆ. ಹೆಸರು ಗೊತ್ತು, ಮದ್ದು ಗೊತ್ತು. ಹಾಗಾಗಿ ಯಾರೂ ರೋಗಕ್ಕೆ ಹೆದರುತ್ತಿರಲಿಲ್ಲ.

ಆ ಕಾಲದಲ್ಲಿ ಹೊಳೆಯ ಹತ್ತಿರ ಸಾಕವ್ವ ಅಂತ ಒಬ್ಬ ಮುದುಕಿ ಇದ್ದಳು. ಅವಳ ಬೆಕ್ಕಿನ ಹೆಸರು ಬೂದಿ. ಒಲೆಯ ಮುಂದೆ ಬೂದಿಯಲ್ಲಿ ಮಲಗಿ ಮಲಗಿ ಮೈಯೂ ಅದೇ ಬಣ್ಣಕ್ಕೆ ತಿರುಗಿತ್ತು. ಇಬ್ಬರೂ ಒಟ್ಟಿಗೇ ಮುದುಕಿಯರಾಗಿದ್ದರು. ಸಾಕವ್ವ ಬೆಳಗಿನಿಂದ ಸಂಜೆಯ ತನಕ ಬೂದಿಯನ್ನು ಬೈಯುತ್ತಿದ್ದಳು. ದಾರಿಗೆ ಅಡ್ಡ ಮಲಗ್ತೀಯಲ್ಲೇ ಸೋಮಾರಿ ಅನ್ನುತ್ತಿದ್ದಳು, ಆದರೆ ದಾಟುವಾಗ ಸೀರೆಯ ನೆರಿಗೆ ಎತ್ತಿಕೊಂಡು, ಅವಳ ನಿದ್ದೆ ಕೆಡದ ಹಾಗೆ ದಾಟುತ್ತಿದ್ದಳು. ನಾನು ನಿನ್ನನ್ನು ಬೈಯೋದಿಲ್ಲವಾ, ಹಾಗೆ.

ಒಂದು ದಿನ ಬೂದಿ ಗಂಜಿ ಕುಡಿದಳು, ಕುಡಿದದ್ದನ್ನೆಲ್ಲ ಕಕ್ಕಿದಳು. ಮಾರನೆಯ ದಿನ ಹಾಲು ಕುಡಿದಳು, ಅದೂ ನಿಲ್ಲಲಿಲ್ಲ. ಅದರ ಮಾರನೆಯ ದಿನ ಸಾಕವ್ವ ಹೊಳೆಯ ಮೀನನ್ನು ಬೇಯಿಸಿ, ಮುಳ್ಳು ಬಿಡಿಸಿ, ಊದಿ ಊದಿ ಮುಂದಿಟ್ಟಳು. ಬೂದಿ ಮೂಸಿ ಕೂಡ ನೋಡದೆ ಆ ಕಡೆ ತಿರುಗಿ ಮಲಗಿದಳು.

ಸಾಕವ್ವ ಅವಳ ಹೊಟ್ಟೆಗೆ ಬಾಯಿಟ್ಟು, ಯಾರಪ್ಪಾ ಒಳಗೆ, ಹೆಸರು ಹೇಳು ಅಂತ ಕೇಳಿದಳು. ಹೊಟ್ಟೆ ಮಾತಾಡಲಿಲ್ಲ. ಬೆಳಿಗ್ಗೆ ಕೇಳಿದಳು, ಮಧ್ಯಾಹ್ನ ಕೇಳಿದಳು, ದೀಪ ಹಚ್ಚುವಾಗಲೂ ಕೇಳಿದಳು. ಹೊಟ್ಟೆ ಮಾತಾಡಲಿಲ್ಲ. ಬೂದಿಯನ್ನೇ ಕೇಳಿದರೆ, ನನಗೂ ಗೊತ್ತಾಗುತ್ತಿಲ್ಲ ಸಾಕವ್ವ, ಒಳಗೆ ಏನೋ ಸರಿಯಿಲ್ಲ, ಅಷ್ಟೇ ಅಂದಳು.

ಬೂದಿಯ ಬೆನ್ನ ಮೂಳೆ ಕೈಗೆ ಸಿಗತೊಡಗಿತು. ಸಾಕವ್ವನಿಗೆ ಬೈಯುವುದು ಮರೆತುಹೋಯಿತು. ಈ ಮುದುಕಿ ಹೋಗಿಬಿಟ್ಟರೆ ನಾನು ಯಾರ ಜೊತೆ ಇರಲಿ ಅಂತ ಅವಳಿಗೆ ಭಯವಾಯಿತು, ಅಳುವೂ ಬಂತು.

ಕಾಗೆ ಬಂದು, ಹಲ್ಲಿ ತಿಂದಿರಬೇಕು, ಇನ್ನೇನು ಅಂತ ಹೇಳಿ ಹಾರಿಹೋಯಿತು. ಕಾಗೆಗೆ ಎಲ್ಲವೂ ಗೊತ್ತು, ಯಾವುದೂ ಸರಿಯಾಗಿ ಗೊತ್ತಿಲ್ಲ. ಗಾಳಿ ಬಂದು, ತಾಳು, ನಾನೇ ಒಳಗೆ ಹೋಗಿ ನೋಡ್ತೀನಿ ಅಂದಿತು. ಬೂದಿಯ ಮೂಗಿನಿಂದ ಒಳಗೆ ಹೋಗಿ, ಮೂಲೆ ಮೂಲೆ ತಡಕಾಡಿ, ಆಕಳಿಕೆಯ ಜೊತೆಗೆ ಹೊರಗೆ ಬಂತು. ಒಳಗೆ ಕತ್ತಲೆ, ಬೆಚ್ಚಗಿದೆ, ಯಾರೂ ಕಾಣಲಿಲ್ಲ ಅಂದಿತು.

ಸಾಕವ್ವ ಬೂದಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಳೆಯ ಹತ್ತಿರ ಹೋದಳು. ಹೊಳೆ ಎಲ್ಲರಿಗಿಂತ ಹಿರಿಯಳು, ಆತುರ ಇಲ್ಲದವಳು. ಬೂದಿಯ ಪಾದವನ್ನು ಒಂದು ಸಣ್ಣ ಅಲೆಯಿಂದ ಮುಟ್ಟಿ ನೋಡಿತು.

"ಯಾರು ಬಂದಿದ್ದಾರೋ ನನಗೆ ಗೊತ್ತಿಲ್ಲ ಸಾಕವ್ವ," ಅಂತು ಹೊಳೆ. "ಯಾರು ಹೋಗಿದ್ದಾರೆ ಅನ್ನೋದು ಗೊತ್ತು. ಇವಳನ್ನು ಬಿಟ್ಟು ಹಸಿವು ಹೊರಟುಹೋಗಿದೆ."

ಗೊತ್ತಿಲ್ಲ ಅನ್ನುವ ಮಾತನ್ನು ಅಲ್ಲಿಯ ತನಕ ಯಾವ ಹಿರಿಯರೂ ಆಡಿರಲಿಲ್ಲ. ಸಾಕವ್ವನಿಗೆ ಆ ಮಾತು ಕೇಳಿ ಯಾಕೋ ಎದೆ ಹಗುರಾಯಿತು. ಬಂದವರ ಹೆಸರು ಕೇಳುವುದನ್ನು ಬಿಟ್ಟು, ಹೋದವರನ್ನು ವಾಪಸ್ಸು ಕರೆಯುವುದು ಹೇಗೆ ಅಂತ ಯೋಚಿಸುತ್ತಾ ಮನೆಗೆ ಬಂದಳು.

ಮನೆಯ ಮೂಲೆಯಲ್ಲಿ ಬೀಸುಕಲ್ಲು ಇತ್ತು. ನೀನು ನೋಡಿಲ್ಲ, ಈಗ ಎಲ್ಲಾ ಮಿಲ್ಲಿಗೆ ಕೊಡ್ತಾರೆ. ಒಂದರ ಮೇಲೊಂದು ಎರಡು ದುಂಡು ಕಲ್ಲು, ಮೇಲಿನದಕ್ಕೊಂದು ಮರದ ಗೂಟ. ನಡುವಿನ ಕುಳಿಗೆ ಕಾಳು ಹಾಕಿ, ಗೂಟ ಹಿಡಿದು ತಿರುಗಿಸಿದರೆ ಸುತ್ತಲೂ ಹಿಟ್ಟು ಉದುರುತ್ತೆ. ಅದಕ್ಕೊಂದು ಕಟ್ಟುನಿಟ್ಟಾದ ನಿಯಮ ಇತ್ತು. ಕಾಳಿಲ್ಲದೆ ಬರಿಗಲ್ಲು ತಿರುಗಿಸಬಾರದು. ತಿರುಗಿಸಿದರೆ ಹಸಿವು ಮನೆಗೆ ಬರುತ್ತೆ. ನಮ್ಮಮ್ಮ ನನಗೆ ಅದಕ್ಕೇ ಬೆನ್ನಿಗೊಂದು ಕೊಟ್ಟಿದ್ದಳು, ಆ ಮಾತು ಬಿಡು.

ಸಾಕವ್ವ ಹುಟ್ಟಿದಾಗಿನಿಂದ ಆ ನಿಯಮ ಮೀರಿದವಳಲ್ಲ. ಈಗ ಕಲ್ಲಿನ ಮುಂದೆ ಕೂತು, ಒಂದು ಕಾಳೂ ಹಾಕದೆ ಗೂಟಕ್ಕೆ ಕೈ ಹಚ್ಚಿದಳು.

"ಬೇಡ ಸಾಕವ್ವ," ಅಂತು ಕಲ್ಲು. "ಕಾಳಿಲ್ಲದೆ ತಿರುಗಿದರೆ ನಾನು ನನ್ನನ್ನೇ ಬೀಸಿಕೊಳ್ಳಬೇಕು. ಹಸಿವು ಬೇರೆ ಬಂದು ಕೂರುತ್ತೆ."

"ಬರಲಿ ಅಂತಲೇ ಕೂತಿದ್ದೀನಿ," ಅಂದಳು ಸಾಕವ್ವ. "ನಿನಗೆ ನೋವು ಕೊಡ್ತಿದ್ದೀನಿ, ಗೊತ್ತು. ನನಗೆ ಬೇರೆ ದಾರಿ ಕಾಣ್ತಿಲ್ಲ."

ಕಲ್ಲು ಬೂದಿಯನ್ನು ನೋಡಿತು. ದಿನಾ ಬೀಸುವಾಗ ತನಗೆ ಒರಗಿಕೊಂಡೇ ಮಲಗುತ್ತಿದ್ದವಳು, ಈಗ ಒಂದು ಹಿಡಿಯಷ್ಟಾಗಿದ್ದಳು. ಸರಿ, ತಿರುಗಿಸು ಅಂತು.

ಕಲ್ಲು ತಿರುಗಿತು. ಗುರ್ರ್... ಗುರ್ರ್... ಗುರ್ರ್.

ಸದ್ದು ಕೇಳಿ ಊರಿನವರೆಲ್ಲ ದಡದಡ ಬಾಗಿಲು ಹಾಕಿಕೊಂಡರು. ಈ ಮುದುಕಿಗೆ ತಲೆ ಕೆಟ್ಟಿದೆ ಅಂದರು. ಸಾಕವ್ವ ಮಾತ್ರ ತನ್ನ ಬಾಗಿಲನ್ನು ಪೂರ್ತಿ ತೆಗೆದಿಟ್ಟಳು.

ಹೊಲಗಳ ಆಚೆಯಿಂದ, ಮಂಜಿನೊಳಗಿಂದ ಹಸಿವು ನಡೆದು ಬಂತು. ಉದ್ದ ಕಾಲು, ಬೆನ್ನಿಗೆ ಅಂಟಿದ ಹೊಟ್ಟೆ, ದೊಡ್ಡ ಕಣ್ಣು. ಹೊಸ್ತಿಲ ಹೊರಗೇ ನಿಂತು, ನಾನು ಹಸಿವು, ಬರಿಗಲ್ಲಿನ ಸದ್ದು ಕೇಳಿ ಬಂದೆ, ಬೈಯುವುದಾದರೆ ಬೇಗ ಬೈದುಬಿಡಿ ಅಂತು. ಎಲ್ಲ ಮನೆಯಲ್ಲೂ ಬೈಸಿಕೊಂಡೇ ಅದಕ್ಕೆ ರೂಢಿ.

"ಒಳಗೆ ಬಾಪ್ಪಾ," ಅಂದಳು ಸಾಕವ್ವ. "ನಿನ್ನ ದಾರಿಯನ್ನೇ ಕಾಯುತ್ತಿದ್ದೆ. ಇವಳ ಹತ್ತಿರ ಸ್ವಲ್ಪ ಹೊತ್ತು ಕೂತುಕೋ."

ಬಾ ಅಂತ ಹಸಿವನ್ನು ಅಲ್ಲಿಯ ತನಕ ಯಾರೂ ಕರೆದಿರಲಿಲ್ಲ. ಅದು ನಾಚಿಕೊಂಡು, ತಲೆ ತಗ್ಗಿಸಿ ಒಳಗೆ ಬಂದು ಬೂದಿಯ ಪಕ್ಕದಲ್ಲಿ ಮುದುರಿ ಕೂತಿತು. ಕೂತಲ್ಲೇ ಮೆಲ್ಲಗೆ ಅವಳ ಹೊಟ್ಟೆಯೊಳಗೆ ಇಳಿಯಿತು.

ಬೂದಿ ಕಣ್ಣು ತೆಗೆದಳು. ಕಲ್ಲಿನ ಸುತ್ತ ಕಲ್ಲಿನದೇ ನುಣ್ಣನೆಯ ಪುಡಿ ಉದುರಿತ್ತು. ಅದನ್ನೇ ನೆಕ್ಕಿದಳು. ಕಲ್ಲಿನ ತರಿಯೆಲ್ಲ ನಾಲಿಗೆಗೆ ಹತ್ತಿತು, ಹತ್ತಿದ್ದು ಬಿಡಲೇ ಇಲ್ಲ. ಬನ್ನು ನಿನ್ನ ಕೈ ನೆಕ್ಕಿದಾಗ ಗರಗರ ಅನ್ನುತ್ತಲ್ಲ, ಅದು ಆವತ್ತಿನದು. ಆಮೇಲೆ ಸಾಕವ್ವ ಗಂಜಿಯ ತಿಳಿಯನ್ನು ಬೆರಳ ತುದಿಗೆ ಹಚ್ಚಿ ಕೊಟ್ಟಳು. ಬೂದಿ ನೆಕ್ಕಿದಳು. ಇನ್ನೊಂದು ಬೆರಳು ಕೊಟ್ಟಳು. ಅದನ್ನೂ ನೆಕ್ಕಿದಳು. ಅದು ಹೊಟ್ಟೆಯಲ್ಲಿ ನಿಂತಿತು. ಸಾಕವ್ವ ಗೂಟ ಹಿಡಿದುಕೊಂಡೇ ಅತ್ತಳು.

ಆದರೆ ಹಸಿವು ಒಂದೇ ಕಡೆ ಕೂರುವ ಜಾತಿಯಲ್ಲ. ಕಲ್ಲು ನಿಂತರೆ ಎದ್ದು ಹೊರಟುಬಿಡುತ್ತಿತ್ತು. ಹಾಗಾಗಿ ಸಾಕವ್ವ ದಿನಾ ಬೆಳಿಗ್ಗೆ ಬರಿಗಲ್ಲು ತಿರುಗಿಸಿದಳು. ಗುರ್ರ್... ಗುರ್ರ್... ಗುರ್ರ್. ಹಸಿವು ಬರುತ್ತಿತ್ತು, ಬೂದಿ ಒಂದಿಷ್ಟು ತಿನ್ನುತ್ತಿದ್ದಳು. ಸಾಕವ್ವನ ರಟ್ಟೆ ಸೋತಿತು, ಅಂಗೈಯಲ್ಲಿ ಬೊಕ್ಕೆ ಎದ್ದಿತು. ಕಲ್ಲು ಸವೆದು ಸವೆದು ರೊಟ್ಟಿಯಷ್ಟು ತೆಳ್ಳಗಾಯಿತು.

ಒಂದು ಬೆಳಿಗ್ಗೆ ಕಲ್ಲು ಅವಳ ಕೈ ನೋಡಿತು. ತನ್ನ ಮೈಯನ್ನೂ ನೋಡಿಕೊಂಡಿತು.

"ಇನ್ನು ನಿನ್ನ ಕೈಲೂ ಆಗೋದಿಲ್ಲ, ನನ್ನ ಕೈಲೂ ಆಗೋದಿಲ್ಲ," ಅಂತು. "ಹಸಿವು ಬರೋದು ನನ್ನ ದನಿಗೆ ತಾನೆ? ದನಿಯನ್ನೇ ಇವಳಿಗೆ ಕೊಟ್ಟುಬಿಡ್ತೀನಿ. ಬೇಕಾದಾಗ ಇವಳೇ ಕರೆದುಕೊಳ್ಳಲಿ."

ಸಾಕವ್ವ ಏನಾದರೂ ಹೇಳುವಷ್ಟರಲ್ಲಿ ದಣಿವಿಗೆ ಕಣ್ಣು ಎಳೆಯಿತು. ಗೋಡೆಗೆ ಒರಗಿ ನಿದ್ದೆ ಹೋದಳು. ಎಚ್ಚರವಾದಾಗ ಬಿಸಿಲು ಬಂದಿತ್ತು, ಕೈ ಗೂಟದಿಂದ ಜಾರಿ ಮಡಿಲಲ್ಲಿ ಬಿದ್ದಿತ್ತು. ಅಯ್ಯೋ, ಕಲ್ಲು ನಿಂತುಹೋಯಿತಲ್ಲ ಅಂತ ಗಾಬರಿಯಾದಳು. ಆದರೆ ಸದ್ದು ನಿಂತಿರಲಿಲ್ಲ. ಗುರ್ರ್... ಗುರ್ರ್... ಗುರ್ರ್.

ಕಲ್ಲನ್ನು ಮುಟ್ಟಿ ನೋಡಿದಳು. ಅದು ಅಲುಗಾಡುತ್ತಿರಲಿಲ್ಲ. ಬೂದಿಯ ಹೊಟ್ಟೆಗೆ ಕಿವಿ ಇಟ್ಟಳು. ಅಲ್ಲಿ, ಒಳಗೆ, ಕಲ್ಲು ತಿರುಗುತ್ತಿತ್ತು.

ಸಾಕವ್ವ ಕಲ್ಲನ್ನು ಮಾತಾಡಿಸಿದಳು. ಕಲ್ಲು ಮಾತಾಡಲಿಲ್ಲ. ಇದ್ದ ದನಿಯನ್ನೆಲ್ಲ ಕೊಟ್ಟುಬಿಟ್ಟಿತ್ತು. ಆವತ್ತಿನಿಂದ ಯಾವ ಕಲ್ಲೂ ಮಾತಾಡಿಲ್ಲ. ಸಾಕವ್ವ ಅದನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಿಸಿಲು ಬೀಳುವ ಕಡೆ ಇಟ್ಟಳು.

ಬೂದಿಗೆ ಪೂರ್ತಿ ವಾಸಿಯಾಯಿತಾ ಅಂತ ಕೇಳ್ತೀಯ, ಗೊತ್ತು. ಇಲ್ಲ. ಆ ರೋಗ ತನ್ನ ಹೆಸರನ್ನು ಕೊನೆಯವರೆಗೂ ಹೇಳಲಿಲ್ಲ. ಒಂದು ದಿನ ತಿಂದದ್ದು ನಿಲ್ಲುತ್ತಿತ್ತು, ಇನ್ನೊಂದು ದಿನ ನಿಲ್ಲುತ್ತಿರಲಿಲ್ಲ. ನಿಲ್ಲದ ದಿನ ಸಾಕವ್ವ ಒರೆಸಿ, ಮೂತಿ ತೊಳೆದು, ಪಕ್ಕದಲ್ಲಿ ಕೂರುತ್ತಿದ್ದಳು. ಬೂದಿ ಕಣ್ಣು ಮುಚ್ಚಿ ಒಳಗಿನ ಕಲ್ಲು ತಿರುಗಿಸುತ್ತಿದ್ದಳು. ಹಸಿವು ಎಲ್ಲೋ ದೂರದಲ್ಲಿದ್ದರೆ ಬರುವುದು ತಡವಾಗುತ್ತಿತ್ತು. ತಡವಾದರೂ ಬರುತ್ತಿತ್ತು. ಮತ್ತೆ ಬೈಗುಳವೂ ಶುರುವಾಯಿತು, ದಾರಿಗೆ ಅಡ್ಡ ಮಲಗ್ತೀಯಲ್ಲೇ ಸೋಮಾರಿ ಅಂತ. ಹಾಗೆ ಅವರಿಬ್ಬರೂ ಎಷ್ಟು ಕಾಲ ಇದ್ದರು ಅಂತ ಹೇಳೋರು ಇಲ್ಲ. ಲೋಕ ಹೊಸದಾಗಿದ್ದಾಗ ದಿನ ಎಣಿಸೋದನ್ನು ಯಾರೂ ಕಲಿತಿರಲಿಲ್ಲ.

ಮುಂದೊಂದು ದಿನ ಸಾಕವ್ವನೇ ಊಟ ಬೇಡ ಅಂತ ಗೋಡೆಯ ಕಡೆ ತಿರುಗಿ ಮಲಗಿದಳು. ಬೂದಿ ಬಂದು, ಏನಾಗಿದೆ ಅಂತ ಕೇಳಲೂ ಇಲ್ಲ, ಅವಳ ಹೊಟ್ಟೆಯ ಮೇಲೆ ಹತ್ತಿ ಕೂತು ಕಲ್ಲು ತಿರುಗಿಸಿದಳು. ಸಂಜೆಯ ಹೊತ್ತಿಗೆ ಸಾಕವ್ವ ಎದ್ದು ಒಂದು ಲೋಟ ಗಂಜಿ ಕುಡಿದಳು.

ಬನ್ನೂಗೂ ವಾಸಿಯಾಗುತ್ತಾ ಅಜ್ಜಿ ಅಂತೀಯ. ನನಗೆ ಗೊತ್ತಿಲ್ಲ ಕಂದಾ. ಆ ಹೊಳೆಗೇ ಗೊತ್ತಿರಲಿಲ್ಲ, ನನಗೆ ಎಲ್ಲಿಂದ ಗೊತ್ತಾಗಬೇಕು. ಆದರೆ ಹೊಟ್ಟೆಗೆ ಕಿವಿ ಇಡು. ಕೇಳಿಸ್ತಾ? ಏಳು, ಗಂಜಿಯ ತಿಳಿ ತಗೊಂಡು ಬಾ, ಬಾಗಿಲೂ ತೆಗೆದಿಡು. ಖುಷಿಯಾಗಿರುವ ಬೆಕ್ಕು ಗುರ್ರ್ ಅನ್ನೋದನ್ನು ಎಲ್ಲರೂ ನೋಡಿರ್ತಾರೆ, ಆದರೆ ಹುಷಾರಿಲ್ಲದ ಮುದಿ ಬೆಕ್ಕೂ ಇವತ್ತಿಗೂ ನಮ್ಮ ಮಡಿಲಲ್ಲಿ ಮಲಗಿ ಗುರ್ರ್ ಗುರ್ರ್ ಅನ್ನುತ್ತೆ ಅಂದರೆ, ಅದು ಸಾಕವ್ವನ ಬರಿಗಲ್ಲು ತಿರುಗಿಸುತ್ತಾ, ದಾರಿಯಲ್ಲಿರೋ ಹಸಿವನ್ನು ಮನೆಗೆ ಬಾ ಅಂತ ಕರೆಯುತ್ತಿದೆ.