ಬಗ್ಗೋದಿಲ್ಲ ಎಂದವಳು

ಕಪಿಲಾ ನದಿಯ ದಡದಲ್ಲಿ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿನ ಗುರುಗಳು ಮರಿಸ್ವಾಮಿಗಳು. ಎಂಬತ್ತು ದಾಟಿದವರು. ಎಲ್ಲರೂ ಅವರನ್ನು ‘ಬುದ್ಧಿ’ ಎಂದೇ ಕರೆಯುತ್ತಿದ್ದರು.

ಶಿಷ್ಯರಲ್ಲಿ ಜಯಶೀಲ ಎಂಬವಳು ಒಬ್ಬಳು. ಹದಿನೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದು, ಗಂಡ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಬಂದವಳು. ಮಾತೂ ಗಟ್ಟಿ, ಮೈಯೂ ಗಟ್ಟಿ. ಅಡುಗೆಮನೆಯ ನೀರನ್ನೆಲ್ಲ ಹೊಳೆಯಿಂದ ಒಬ್ಬಳೇ ಹೊತ್ತು ತರುತ್ತಿದ್ದಳು. ಜೊತೆಗೆ ಹಿಡಿಯಲು ಯಾರಾದರೂ ಬಂದರೆ ಬೇಡ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ತುಂಬಿದ ಹಂಡೆಯನ್ನು ಎತ್ತಿ ಪಕ್ಕಕ್ಕೆ ತಿರುಗಿದಳು. ಸೊಂಟದಲ್ಲಿ ಚಳಕ್ ಎಂದಿತು. ನೋವು ಎಡತೊಡೆಯ ಹಿಂದಿನಿಂದ ಕಾಲ್ಬೆರಳಿನವರೆಗೆ ಉರಿಯುತ್ತ ಇಳಿಯಿತು.

ಪಟ್ಟಣದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಬೆನ್ನುಮೂಳೆಯ ಕೆಳಗಿನ ಡಿಸ್ಕ್ ಒಂದು ಉಬ್ಬಿ ನರವನ್ನು ಒತ್ತುತ್ತಿದೆ ಎಂದರು. ಆಪರೇಷನ್ ಸದ್ಯಕ್ಕೆ ಬೇಡ, ಭಾರ ಎತ್ತಬೇಡ, ಸೊಂಟ ಬಗ್ಗಿಸಬೇಡ, ಹಾಗಂತ ಮಲಗಿಯೂ ಇರಬೇಡ, ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು.

ಮಾತ್ರೆ ನುಂಗಿದ ಮೇಲೆ ಒಂದು ವಾರಕ್ಕೆ ನೋವು ತಗ್ಗಿತು. ಜಯಶೀಲ ನೇರವಾಗಿ ಹೊಳೆಗೆ ಹೋಗಿ ಅದೇ ಹಂಡೆಯನ್ನು ತುಂಬಿ ಎತ್ತಿದಳು.

ಅವಳನ್ನು ಹೊಳೆಯ ಮೆಟ್ಟಿಲಿನಿಂದ ಮಂಚದ ಮೇಲೆ ಮಲಗಿಸಿ ಹೊತ್ತು ತರಬೇಕಾಯಿತು.

ಮರಿಸ್ವಾಮಿಗಳು ಬಂದು ಪಕ್ಕದಲ್ಲಿ ಕೂತರು. “ಯಾರನ್ನ ಸೋಲಿಸೋಕೆ ಹೋಗಿದ್ದೆ?”

“ನೋವನ್ನ, ಬುದ್ಧಿ.”

“ಗೆದ್ದೋರು ಯಾರು?”

ಜಯಶೀಲ ಗೋಡೆಯ ಕಡೆಗೆ ಮುಖ ಮಾಡಿಕೊಂಡಳು.

ಆಮೇಲೆ ಅವಳು ಏಳಲೇ ಇಲ್ಲ. ಊಟವೂ ಮಂಚಕ್ಕೇ ಬರಬೇಕು. ಮಗ್ಗುಲು ಬದಲಿಸಲೂ ಹೆದರುತ್ತಿದ್ದಳು. ಎದ್ದರೆ ಮತ್ತೆ ಹಿಡಿದುಕೊಳ್ಳುತ್ತದೆ, ನನ್ನ ಕಾಲ ಮುಗಿಯಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹೀಗೇ ಒಂದು ತಿಂಗಳಾಯಿತು. ತೊಡೆ ಸಣಕಲಾಯಿತು. ನೋವು ಮಾತ್ರ ಇದ್ದಷ್ಟೇ ಇತ್ತು.

ಗುರುಗಳು ಮತ್ತೆ ಬಂದರು. “ಮಲಗಿರು ಅಂತ ನಿನಗೆ ಹೇಳಿದ್ದು ಯಾರು? ಡಾಕ್ಟರಾ?”

“ಇಲ್ಲ ಬುದ್ಧಿ. ನೋವು.”

“ಅದು ಏಳಬೇಡ ಅಂದರೆ ಏಳೋದಿಲ್ಲ. ತಿರುಗಬೇಡ ಅಂದರೆ ತಿರುಗೋದಿಲ್ಲ. ಇಷ್ಟು ವಿಧೇಯಳಾಗಿ ನೀನು ನನ್ನ ಮಾತನ್ನ ಯಾವತ್ತೂ ಕೇಳಲಿಲ್ಲ. ಇನ್ನು ಮೇಲೆ ಅದನ್ನೇ ಬುದ್ಧಿ ಅಂತ ಕರಿ.”

ಅಷ್ಟು ಹೇಳಿ ಎದ್ದು ಹೋದರು.

ಜಯಶೀಲಳಿಗೆ ಸಿಟ್ಟು ನೆತ್ತಿಗೇರಿತು. ಮೊದಲು ಗುರುವಿನ ಮೇಲೆ, ಆಮೇಲೆ ನೋವಿನ ಮೇಲೆ. ಮೊಣಕಾಲು ಮಡಚಿ ನಿಧಾನವಾಗಿ ಮಗ್ಗುಲಾದಳು. ಕೈ ಊರಿ ಎದ್ದು ಕೂತಳು. ಗೋಡೆ ಹಿಡಿದು ನಿಂತಳು. ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ನಡೆದು, ಬೆವತು, ವಾಪಸು ಬಂದಳು.

ಮಧ್ಯಾಹ್ನ ಮತ್ತೆ ಇಪ್ಪತ್ತು ಹೆಜ್ಜೆ.

ನೋವು ಹೋಗಲಿಲ್ಲ. ಅವಳು ಅದರ ಜೊತೆ ಕಂಡಕ್ಟರ್ ದನಿಯಲ್ಲೇ ಮಾತಾಡಿದಳು. “ಹತ್ತಿದ್ದೀಯ, ಸರಿ. ಒಳಗೆ ಹೋಗಿ ನಿಂತ್ಕೊ. ಬಸ್ಸು ಎಲ್ಲಿ ನಿಲ್ಲಿಸಬೇಕು ಅನ್ನೋದು ನನಗೆ ಬಿಡು.”

ನೆಲದ ಮೇಲಿನ ವಸ್ತು ಬೇಕಾದರೆ ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು ತೆಗೆದುಕೊಳ್ಳುವುದನ್ನು ಕಲಿತಳು. ಹೆಚ್ಚು ಹೊತ್ತು ಕೂರುವುದನ್ನು ಬಿಟ್ಟು ನಿಂತೇ ತರಕಾರಿ ಹೆಚ್ಚಿದಳು. ನೀರು ತರುವ ಕೆಲಸವನ್ನು ಖಾಯಂ ಆಗಿ ಇಬ್ಬರು ಗಂಡಸರಿಗೆ ಒಪ್ಪಿಸಿದಳು. ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಎರಡು ತಿಂಗಳ ಹೊತ್ತಿಗೆ ಹೊಳೆಯ ಮೊದಲ ಮೆಟ್ಟಿಲಿನವರೆಗೆ ಹೋಗಿ ಬರುವಂತಾದಳು.

ಹುಣ್ಣಿಮೆಯ ಬೆಳಿಗ್ಗೆ ಶಿಷ್ಯರೆಲ್ಲ ಸಾಲಾಗಿ ಬಂದು ಗುರುಗಳ ಪಾದ ಮುಟ್ಟುವುದು ಆಶ್ರಮದ ಪದ್ಧತಿ. ಆ ಬೆಳಿಗ್ಗೆ ಜಯಶೀಲಳೂ ಸಾಲಿನಲ್ಲಿ ಬಂದಳು. ಪೀಠದಲ್ಲಿ ಕೂತಿದ್ದ ಗುರುಗಳ ಮುಂದೆ ಕೈ ಮುಗಿದು ನಿಂತಳು. ಕೆಳಕ್ಕೆ ಬಗ್ಗಲಿಲ್ಲ. ಮೊಣಕಾಲು ಮಡಚಿದರೂ ಪಾದ ಮುಟ್ಟಲು ಸೊಂಟ ಬಗ್ಗಿಸಲೇಬೇಕಿತ್ತು.

ಆಶ್ರಮದ ಹಿರಿಯ ಶಿಷ್ಯ ಶಂಭಯ್ಯ ಪಕ್ಕದಲ್ಲೇ ಇದ್ದ. ಪಾದ ಮುಟ್ಟುವಂತೆ ಸನ್ನೆ ಮಾಡಿದ. ಅವಳು ತಲೆ ಅಲ್ಲಾಡಿಸಿದಳು. ಗುರುವಿಗೆ ಬಗ್ಗದವರು ಶಿಷ್ಯರಲ್ಲ, ಬಗ್ಗಲು ಆಗದವರು ಮನೆಯಲ್ಲಿರುವುದೇ ಒಳ್ಳೆಯದು ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಹಿಂದಿದ್ದ ಹೆಂಗಸೊಬ್ಬಳು, ಒಂದೇ ಒಂದು ಸಲ ಬಗ್ಗಿಬಿಡು, ಏನೂ ಆಗೋದಿಲ್ಲ ಎಂದು ಪಿಸುಗುಟ್ಟಿದಳು.

“ಒಂದು ಸಲ ಅಂತಲೇ ಹಂಡೆ ಎತ್ತಿದ್ದೆ ಕಣಕ್ಕ,” ಎಂದಳು ಜಯಶೀಲ. ಆಶ್ರಮದಿಂದ ಹೊರಟರೆ ಅವಳಿಗೆ ಹೋಗಲು ಬೇರೆ ಮನೆ ಇರಲಿಲ್ಲ. ಅದು ಶಂಭಯ್ಯನಿಗೂ ಗೊತ್ತಿತ್ತು. ಅವಳು ಗುರುಗಳ ಕಡೆ ತಿರುಗಿದಳು. ದನಿ ತಗ್ಗಿಸಲಿಲ್ಲ.

“ಬುದ್ಧಿ, ನಾನು ಬಗ್ಗೋದಿಲ್ಲ. ಇಲ್ಲಿಂದ ಹೋಗೋದೂ ಇಲ್ಲ.”

ಮರಿಸ್ವಾಮಿಗಳು ಅವಳನ್ನೇ ನೋಡಿದರು. “ನೋವು ಇನ್ನೂ ಇದೆಯಾ?”

“ಇದೆ, ಬುದ್ಧಿ.”

“ಎಷ್ಟು ದೂರ ನಡೀತೀಯ?”

“ಹೊಳೆಯ ಮೊದಲ ಮೆಟ್ಟಿಲಿನವರೆಗೆ.”

“ಇನ್ನೂ ಮುಂದಕ್ಕೆ ಹೋಗಬೇಕು ಅನ್ನಿಸೋದಿಲ್ವಾ?”

“ದಿನಾ ಅನ್ನಿಸುತ್ತೆ. ಹೋಗು ಅಂತ ಜಂಬ ಹೇಳುತ್ತೆ, ಹೋಗಬೇಡ ಅಂತ ಭಯ ಹೇಳುತ್ತೆ. ನಾನು ಎರಡರ ಮಾತೂ ಕೇಳೋದಿಲ್ಲ. ಆದಷ್ಟು ನಡೆದು ಬರ್ತೀನಿ.”

ಗುರುಗಳು ಪೀಠದ ತೋಳಿಗೆ ಕೈ ಊರಿ ಮೇಲಕ್ಕೆದ್ದರು. ಹಿಡಿಯಲು ಬಂದವರನ್ನು ದೂರ ಸರಿಸಿದರು. ಒಂದೊಂದೇ ಹೆಜ್ಜೆ ಇಟ್ಟು ಪೀಠದಿಂದ ಇಳಿದು ಬಂದು ಜಯಶೀಲಳ ಎದುರಿಗೆ ನಿಂತರು. ಇಬ್ಬರ ಕಣ್ಣೂ ಒಂದೇ ಎತ್ತರಕ್ಕೆ ಬಂದವು. ಅವರು ಅವಳಿಗೆ ಕೈ ಮುಗಿದರು.

ಶಂಭಯ್ಯ ನಿಂತಲ್ಲೇ ಕುಸಿದು ಅವರ ಪಾದಗಳನ್ನು ಹಿಡಿದುಕೊಂಡ. ಇದು ಸರಿಯಲ್ಲ, ಪದ್ಧತಿ ಉಳಿಯುವುದಿಲ್ಲ ಎಂದು ಬೇಡಿಕೊಂಡ.

“ಶಂಭಯ್ಯ,” ಎಂದರು ಗುರುಗಳು, “ನಲವತ್ತು ವರ್ಷದಿಂದ ನೀನು ನನ್ನ ಪಾದವನ್ನೇ ನೋಡ್ತಿದ್ದೀಯ. ಎದ್ದು ನಿಂತು ಒಂದು ಸಲ ಮುಖ ನೋಡು.”