ಮೊದಲ ಗುಟುಕು

ಹೊಳೆಯ ದಂಡೆಯ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಯಾರಿಗೆ ಔಷಧ ಕೊಟ್ಟರೂ ಮೊದಲ ಗುಟುಕನ್ನು ಕೊಡುವವನೇ ಕುಡಿಯಬೇಕು.

ಶಿಷ್ಯ ಪಂಪಣ್ಣನಿಗೆ ಈ ಕಟ್ಟಳೆ ಬಹಳ ಇಷ್ಟ. ಎಲ್ಲರೆದುರು ಬಟ್ಟಲೆತ್ತಿ ಕುಡಿದು, ಮೀಸೆ ಒರೆಸಿಕೊಂಡು, "ಇಗೋ, ಬದುಕಿದ್ದೇನೆ" ಎನ್ನುತ್ತಿದ್ದ.

ಆ ವರ್ಷ ನೀರಿನಂಚಿಗೆ ಕಾಡುಪುದೀನ ಸೊಂಪಾಗಿ ಬೆಳೆದಿತ್ತು. ನೆಗಡಿಯೆಂದು ಬಂದವರಿಗೆ ಪಂಪಣ್ಣ ಅದರ ಹಬೆ ಕೊಟ್ಟ. ಅಜೀರ್ಣವೆಂದವರಿಗೆ ಅದರ ಕಷಾಯ. ಎಲ್ಲರೂ ಗುಣವಾದರು, ಎಲ್ಲರೂ ಹೊಗಳಿದರು. ಅವನು ಬೇರೆ ಗಿಡಗಳ ಕಡೆ ನೋಡುವುದನ್ನೇ ಬಿಟ್ಟ.

"ಗುರುಗಳೇ, ಇದೊಂದಿದ್ದರೆ ಸಾಕು."

"ಹಾಗಾದರೆ ನಾನು ಮಲಗಬಹುದು" ಎಂದ ಗುರು ಸಾಂಬಯ್ಯ ನಿಜವಾಗಿಯೂ ಜಗುಲಿಯ ಮೇಲೆ ಮಲಗಿಬಿಟ್ಟರು.

ಒಂದು ಬೆಳಿಗ್ಗೆ ದೋಣಿಯವರ ಮನೆಯ ಹಾಲವ್ವ ಸೊಸೆ ನೀಲವ್ವನನ್ನು ಕರೆತಂದಳು.

"ನಿನ್ನೆಯಿಂದ ಹೊಟ್ಟೆ ಉಬ್ಬರ. ಇವಳ ನರಳಾಟ ಕೇಳಿ ಕೇಳಿ ನನಗೂ ನಿದ್ದೆಯಿಲ್ಲ."

"ಅಷ್ಟು ಗೊರಕೆ ಹೊಡೆಯುತ್ತಾ ನನ್ನ ನರಳಾಟ ಹೇಗೆ ಕೇಳಿಸಿಕೊಂಡಿರೋ" ಎಂದು ಸೊಸೆ ಗೊಣಗಿದಳು.

ಪಂಪಣ್ಣ ಆಗಲೇ ಸೊಪ್ಪು ಜಜ್ಜುತ್ತಿದ್ದ. ಹಿಡಿ ಹಾಕುವಲ್ಲಿ ಬೊಗಸೆ ಹಾಕಿದ. ಕಪ್ಪಗಾಗುವವರೆಗೆ ಕುದಿಸಿದ. ಮೊದಲ ಗುಟುಕು ಕುಡಿದು ಬಟ್ಟಲು ಚಾಚಿದ.

"ಇಗೋ ತಂಗಿ, ಬದುಕಿದ್ದೇನೆ. ಕುಡಿ."

ಬಟ್ಟಲು ನೀಲವ್ವನ ತುಟಿಯ ಹತ್ತಿರ ಹೋಗಿತ್ತು. ಸಾಂಬಯ್ಯ ಎದ್ದು ಬಂದು ಅದರ ಮೇಲೆ ಅಂಗೈ ಮುಚ್ಚಿದರು.

"ತಾಯಿ, ಬಸುರಿಯೇನಮ್ಮಾ ನೀನು?"

ನೀಲವ್ವ ಅತ್ತೆಯ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಹೌದು ಅಜ್ಜಾರೇ. ಸ್ವಲ್ಪ ದಿನ ಹೋಗಲಿ, ಆಮೇಲೆ ಹೇಳೋಣ ಅಂತಿದ್ದೆ."

"ನನ್ನ ಮನೆಯ ಸುದ್ದಿ ನನಗಿಂತ ಮೊದಲು ಆಶ್ರಮಕ್ಕೇನೇ?" ಎಂದು ಹಾಲವ್ವ ಸೊಸೆಯ ಗಲ್ಲ ಹಿಂಡಿದಳು. ಅವಳ ಮುಖವೆಲ್ಲ ನಗೆ.

ಸಾಂಬಯ್ಯ ಕಷಾಯವನ್ನು ನೆಲಕ್ಕೆ ಚೆಲ್ಲಿದರು. ಜೀರಿಗೆ ಹಾಕಿ ನೀರು ಕಾಯಿಸಿ, ಮೊದಲ ಗುಟುಕು ತಾವು ಕುಡಿದು, ಉಳಿದದ್ದನ್ನು ನೀಲವ್ವನಿಗೆ ಕೊಟ್ಟರು. ಕೂಸಿಗೆ ಯಾರ ಹೆಸರಿಡಬೇಕೆಂದು ಜಗಳವಾಡುತ್ತಾ ಅತ್ತೆ ಸೊಸೆ ದಾರಿ ಹಿಡಿದರು.

ಪಂಪಣ್ಣ ಖಾಲಿ ಬಟ್ಟಲು ಹಿಡಿದು ನಿಂತೇ ಇದ್ದ.

"ನಿಮಗೆ ಹೇಗೆ ಗೊತ್ತಾಯಿತು, ಗುರುಗಳೇ?"

"ಗೊತ್ತಿರಲಿಲ್ಲ. ಕೇಳಿದೆ."

"ಅವಳು ಕುಡಿದಿದ್ದರೆ?"

"ಈ ಸೊಪ್ಪು ಗರ್ಭವನ್ನು ಕದಡುತ್ತದೆ. ಅಷ್ಟು ಗಟ್ಟಿ ಕಷಾಯ ಕುಡಿದಿದ್ದರೆ ಕೂಸು ಉಳಿಯುವುದು ಕಷ್ಟವಿತ್ತು. ತಾಯಿಯ ಜೀವಕ್ಕೂ ಅಪಾಯವಿತ್ತು."

ಪಂಪಣ್ಣ ಬಟ್ಟಲನ್ನು ಕೆಳಗಿಟ್ಟ. ಆದರೂ ಮನಸ್ಸು ಒಪ್ಪಲಿಲ್ಲ.

"ನಾನು ಕಟ್ಟಳೆ ಮೀರಲಿಲ್ಲವಲ್ಲ, ಗುರುಗಳೇ. ಮೊದಲು ನಾನೇ ಕುಡಿದೆ. ನನಗೇನೂ ಆಗಲಿಲ್ಲ."

ಸಾಂಬಯ್ಯ ಅವನ ಹೊಟ್ಟೆಯನ್ನೊಮ್ಮೆ ಮೆಲ್ಲಗೆ ತಟ್ಟಿದರು.

"ನಿನಗೆ ಎಷ್ಟನೇ ತಿಂಗಳು, ಪಂಪಣ್ಣ?"