ಏಳುಬಾಗಿಲ ದಿಬ್ಬ

ತೊರವಿಕೊಪ್ಪದಿಂದ ಪಡುವಣಕ್ಕೆ ಎರಡು ಹರದಾರಿ ನಡೆದರೆ ಎರೆಭೂಮಿ ಮುಗಿದು ಕೆಂಪು ಮಸಾರಿ ಶುರುವಾಗುತ್ತದೆ. ಅಲ್ಲಿ ಹುಲ್ಲುಗಾವಲಿನ ನಡುವೆ ಆಳೆತ್ತರಕ್ಕಿಂತ ತುಸು ಹೆಚ್ಚಿರುವ ಒಂದು ಮಣ್ಣಿನ ದಿಬ್ಬವಿದೆ. ಹೆಸರು ಮಾತ್ರ ಭಾರಿ, ಏಳುಬಾಗಿಲ ದಿಬ್ಬ. ಕೋಟೆ ಕೊತ್ತಲ ನೋಡುವ ಆಸೆಯಿಂದ ಬುತ್ತಿ ಕಟ್ಟಿಕೊಂಡು ಬಂದವರು ದಿಬ್ಬದ ನೆತ್ತಿಯಲ್ಲೇ ನಿಂತು ಬಾಗಿಲು ಎಲ್ಲಿ ಎಂದು ಕೇಳುವುದುಂಟು. ಬಾಗಿಲು ಅವರ ಕಾಲಬುಡದಲ್ಲೇ ಇರುತ್ತದೆ. ಸಣ್ಣದೊಂದು ತಂಬಿಗೆ ತೂರುವಷ್ಟು ಅಗಲದ ಬಿಲಗಳು, ಅಲ್ಲೊಂದು ಇಲ್ಲೊಂದು. ಇವನ್ನು ಯಾವ ಅರಸನೂ ಕಟ್ಟಿಸಲಿಲ್ಲ, ನರಿಗಳು ತೋಡಿಕೊಂಡವು. ಹೆಸರಿಟ್ಟವನು ಕುರಿ ಕಾಯುವ ಒಬ್ಬ ಮುದುಕ, ಇಡುವಂತೆ ಮಾಡಿದವಳು ಅವನ ಸೊಸೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ತೋಳಗಳು ಇನ್ನೂ ಹಿಂಡು ಹಿಂಡಾಗಿ ತಿರುಗುತ್ತಿದ್ದ ಕಾಲದಲ್ಲಿ, ಮಾಳಪ್ಪನೆಂಬ ಹಿರಿಯನ, ಮೇವು ನೀರು ಅರಸಿ ಅಲೆಯುವ ಕುರಿಹಟ್ಟಿ ಶಿವರಾತ್ರಿ ಕಳೆದ ಮೇಲೆ ಈ ದಿಬ್ಬದ ಮಗ್ಗುಲಲ್ಲಿ ಬೀಡುಬಿಟ್ಟಿತ್ತು. ಕುರಿಗಳು ಈಯುವ ಸಮಯ. ಮಾಳಪ್ಪನ ಕಿರಿಸೊಸೆ ಜಕ್ಕವ್ವನಿಗೂ ದಿನ ತುಂಬಿದ್ದವು. ಅವಳ ಚೊಚ್ಚಲ ಕೂಸು ಎರಡು ವರ್ಷದ ಹಿಂದೆ ಹಟ್ಟಿ ಎದ್ದು ನಡೆಯುವಾಗ ದಾರಿಯಲ್ಲೇ ಹುಟ್ಟಿ, ದಾರಿಯಲ್ಲೇ ತೀರಿಕೊಂಡಿತ್ತು. ಯಾವ ಮರದ ಬುಡದಲ್ಲಿ ಮಣ್ಣು ಮಾಡಿದರೆಂಬುದೂ ಅವಳಿಗೆ ಗುರುತು ಸಿಕ್ಕಿರಲಿಲ್ಲ, ಏಕೆಂದರೆ ಮರುದಿನವೂ ನಡೆಯುವುದಿತ್ತು. ಈ ಸಲ ಒಂದೇ ಜಾಗದಲ್ಲಿ ಹದಿನೈದು ದಿನ ನಿಲ್ಲಿಸಪ್ಪಾ ಎಂದು ಅವಳು ಬೀರದೇವರಿಗೆ ಮೊರೆಯಿಟ್ಟಿದ್ದಳು. ಗಂಡೋ ಹೆಣ್ಣೋ ಎಂಬುದನ್ನು ಕೂಡ ಕೇಳಿರಲಿಲ್ಲ, ಪಾಪ.

ಆ ಹಟ್ಟಿಯಲ್ಲಿ ಎರಡು ಪದ್ಧತಿಗಳಿದ್ದವು. ಹೊಸದಾಗಿ ಹುಟ್ಟಿದ ಮರಿಗಳನ್ನು ನಲವತ್ತು ದಿನ ಯಾರೂ ಎಣಿಸಬಾರದು, ದೃಷ್ಟಿ ತಾಗುತ್ತದೆ. ಸತ್ತು ಹುಟ್ಟಿದ ಮರಿಗೆ ಹೆಂಗಸರು ಅರಿಸಿನ ಹಚ್ಚಿ, ಕಂಬಳಿಯ ಚೂರಿನಲ್ಲಿ ಸುತ್ತಿ, ಬನ್ನಿಗಿಡದ ಬುಡದಲ್ಲಿಟ್ಟು ತಿರುಗಿ ನೋಡದೆ ಬರಬೇಕು. ಗಂಡಸರು ಅತ್ತ ಸುಳಿಯುವಂತಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ದಿಬ್ಬದ ಆಚೆ ಬದಿಗೆ ಹೋದ ಮಾಳಪ್ಪ ಒಂದು ಬಿಲ, ಅದರ ಬಾಯಲ್ಲಿ ಕೆದರಿದ ಹಸಿಮಣ್ಣು, ಮಣ್ಣಿನಲ್ಲಿ ಉಣ್ಣೆ ಮತ್ತು ಮರಿಯ ಕಾಲೆಲುಬು ಕಂಡು, ತೋಳವೇ ಎಂದುಕೊಂಡು, ಬಿಲದ ಅಳತೆಯನ್ನೂ ನೋಡದೆ, ಉಟ್ಟ ಧೋತರ ಮುಳ್ಳಿಗೆ ಸಿಕ್ಕಿ ಹರಿದರೂ ಲೆಕ್ಕಿಸದೆ ಓಡಿಬಂದ. ಅವನನ್ನು ಅಂಜುಕುಳಿ ಎಂದು ನಗುವಂತಿಲ್ಲ. ಅವನ ಹರೆಯದಲ್ಲಿ ತೋಳಗಳು ಒಂದೇ ನಸುಕಿನಲ್ಲಿ ಅರ್ಧ ಹಟ್ಟಿಯನ್ನು ಹರಿದುಹಾಕಿದ್ದವು. ಮರಿ ಕಡಿಮೆಯಾಗಿದೆಯೇ ನೋಡೋಣವೆಂದರೆ ಎಣಿಸಿದವರು ಯಾರು? "ನಾಳೆ ನಸುಕಿನ್ಯಾಗ ಹಟ್ಟಿ ಕೀಳೂದು" ಎಂದು ಹೇಳಿಬಿಟ್ಟ. ಮುಂದಿನ ನೀರು ಎರಡು ದಿನದ ದಾರಿ. ಕಲ್ಲೊಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಜಕ್ಕವ್ವ ಹಿಟ್ಟಿನ ಕೈಯಲ್ಲೇ ಎದ್ದಳು.

ಅವಳು ಸೊಂಟಕ್ಕೆ ಕೈಕೊಟ್ಟುಕೊಂಡು, ಅಲ್ಲಲ್ಲಿ ನಿಂತು ಉಸಿರು ತಿರುಗಿಸಿಕೊಳ್ಳುತ್ತ ದಿಬ್ಬದ ಆಚೆಗೆ ಹೋದಳು. ಮೊದಲು ಕಂಡದ್ದು ಹೆಜ್ಜೆ. ತೋಳದ ಹೆಜ್ಜೆಯಾದರೆ ಅಂಗೈ ಇಟ್ಟರೂ ಮುಚ್ಚುವುದಿಲ್ಲ. ಇದು ಅವಳ ಎರಡು ಬೆರಳಿನಡಿ ಮುಚ್ಚಿಹೋಯಿತು. ಬಿಲದ ಪಕ್ಕದ ಕಲ್ಲಿನ ಮೇಲೆ ಒಣಗಿದ ಹಿಕ್ಕೆ ಬಿದ್ದಿತ್ತು. ಕಡ್ಡಿಯಿಂದ ಒಡೆದು ನೋಡಿದರೆ ಒಳಗೆ ಹುಳುವಿನ ರೆಕ್ಕೆಯ ಮಿಣುಕು, ಬಾರಿಹಣ್ಣಿನ ಬೀಜ, ಇಲಿಯ ಕೂದಲು. ಉಣ್ಣೆಯನ್ನು ಎತ್ತಿ ಬಿಸಿಲಿಗೆ ಹಿಡಿದಳು. ಅದಕ್ಕೆ ಅರಿಸಿನ ಮೆತ್ತಿತ್ತು, ಕರಿಕಂಬಳಿಯ ಎಳೆಯೊಂದು ಸುತ್ತಿಕೊಂಡಿತ್ತು. ನಾಲ್ಕು ದಿನದ ಹಿಂದೆ ಅವಳೇ ತನ್ನ ಕಂಬಳಿಯ ಅಂಚು ಹರಿದು ಸುತ್ತಿ ಬನ್ನಿಗಿಡದ ಬುಡದಲ್ಲಿಟ್ಟಿದ್ದ ಸತ್ತ ಮರಿ ಅದು. ಮೇಲಾಗಿ, ಬದುಕಿದ್ದ ಮರಿ ಕಳೆದುಕೊಂಡ ಕುರಿ ಸುಮ್ಮನಿರುವ ಜೀವವಲ್ಲ. ಈ ನಾಲ್ಕು ದಿನದಲ್ಲಿ ಹಟ್ಟಿಯಲ್ಲಿ ಒಂದು ಕುರಿಯೂ ಮರಿಗಾಗಿ ಒದರಿರಲಿಲ್ಲ.

ಕಂಡದ್ದನ್ನೆಲ್ಲ ಅವಳು ಸೆರಗು ಮುಂದೆಳೆದುಕೊಂಡು ಮಾವನಿಗೆ ಹೇಳಿ, ಇದು ತೋಳವಲ್ಲ, ನರಿ ಎಂದಳು. ಮಾಳಪ್ಪ ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು. "ಯವ್ವಾ, ನಿನಗ ನಡಿಯೂದು ಬ್ಯಾಡಾಗೇತಿ. ಅದಕ್ಕ ನಿನ್ನ ಕಣ್ಣಿಗೆ ತೋಳನೂ ನರಿಯಾಗಿ ಕಾಣತೈತಿ" ಎಂದ, ಮೆಲ್ಲಗೆ. ಆ ಮಾತು ಅವಳಿಗೆ ನಾಟಿತು, ಏಕೆಂದರೆ ಅದರಲ್ಲಿ ಅರ್ಧ ನಿಜವಿತ್ತು. ಅದು ನರಿಯೇ ಆಗಿರಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು. ತಾನು ತಪ್ಪಿದರೆ ಹಟ್ಟಿಯ ಮರಿಗಳೆಲ್ಲ ಹೋಗುತ್ತವಲ್ಲ ಎಂದು ಅವಳಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಕಡೆಗೆ "ಹಂಗಾದ್ರ ನನ್ನ ಕಣ್ಣು ಬ್ಯಾಡ ಮಾವಾರ. ಹೊತ್ತು ಮುಳುಗೂದರಾಗ ನಿಮ್ಮ ಕಣ್ಣಿಲೇ ನೋಡಬರ್ರಿ" ಎಂದಳು.

ಹೊತ್ತು ಇಳಿಯುವಾಗ ಮಾವ ಸೊಸೆ ಇಬ್ಬರೂ ಗಾಳಿಗೆ ಎದುರಾಗಿ, ಕಂಬಳಿ ಹೊದ್ದು ಒಂದು ಬಾರಿಗಿಡದ ಮರೆಯಲ್ಲಿ ಕುಳಿತರು. ಮಾಳಪ್ಪನ ಕೈಯಲ್ಲಿ ಕೊಡಲಿ. ಬಿಸಿಲು ಕೆಂಪಾಗುವ ಹೊತ್ತಿಗೆ ಬಿಲದಿಂದ ಎರಡು ಕಿವಿ ಎದ್ದವು. ಕಿವಿಗೆ ತಕ್ಕ ಮೈ ಎಷ್ಟಿದೆಯೋ! ಹೊರಬಂದದ್ದು ಬೆಕ್ಕಿಗಿಂತ ತುಸು ದೊಡ್ಡದಾದ, ಬೂದಿ ಬಣ್ಣದ ಬಡಕಲು ನರಿ. ಬಾಲದ ತುದಿ ಕಾಡಿಗೆಯಲ್ಲಿ ಅದ್ದಿದಂತೆ ಕಪ್ಪು. ಅದು ಕುಳಿತು ಆಕಳಿಸಿತು. ಆಮೇಲೆ ಆಚೆ ಬಿಲದಿಂದೊಂದು ಮರಿ, ಈಚೆ ಬಿಲದಿಂದೊಂದು ಮರಿ ಹೊರಬಿದ್ದು, ಒಂದರಲ್ಲಿ ನುಗ್ಗಿ ಇನ್ನೊಂದರಲ್ಲಿ ಏಳತೊಡಗಿದವು. ಮಾಳಪ್ಪ ಅಲ್ಲಿಯವರೆಗೆ ಕಂಡಿದ್ದು ಒಂದೇ ಬಿಲ. ಕುರಿಮರಿ ಎಣಿಸಿದವರಿಗೆ ಛೀಮಾರಿ ಹಾಕುತ್ತಿದ್ದ ಮುದುಕ ಈಗ ಕೊಡಲಿ ಕೆಳಗಿಟ್ಟು, ಬೆರಳು ಮಡಚುತ್ತ, ಬಿಲಗಳನ್ನು ಬಾಯಿಬಿಟ್ಟೇ ಎಣಿಸಿದ. ಏಳು. "ತೋಳಕ್ಕ ಒಂದ ಬಾಗಲಾ ಸಾಕಬೇ. ಏಳು ಬಾಗಲಾ ಬೇಕಾಗೂದು ನನ್ನಂಥಾ ಅಂಜುಬುರುಕಗ" ಎಂದು ನಕ್ಕ. ಜಕ್ಕವ್ವನೂ ನಕ್ಕಳು, ನಗುನಗುತ್ತಲೇ ಗೊಳೋ ಎಂದು ಅತ್ತಳು. ನರಿಗಳು ಆ ಸದ್ದಿಗೆ ಏಳೂ ಬಾಗಿಲಲ್ಲಿ ಮಾಯವಾದವು.

ಹಟ್ಟಿ ಏಳಲಿಲ್ಲ. ಮೂರನೆಯ ದಿನ ದಿಬ್ಬದ ನೆರಳಲ್ಲಿ ಜಕ್ಕವ್ವ ಹೆಣ್ಣು ಹೆತ್ತಳು. ಕೂಸು ಹಟ್ಟಿಗೆಲ್ಲ ಕೇಳುವಂತೆ ಅತ್ತಿತು. ಬೇರೆ ಹಟ್ಟಿಯವರು ಬಂದು ಸೊಸೆ ಎಲ್ಲಿ ಎಂದು ಕೇಳಿದರೆ ಮಾಳಪ್ಪ ಮೀಸೆ ತಿರುವಿ "ಏಳು ಬಾಗಲದ ಮನ್ಯಾಗ ಬಾಣಂತನ ನಡದೈತಿ" ಎನ್ನುತ್ತಿದ್ದನಂತೆ. ಆ ಬಡಾಯಿಯೇ ದಿಬ್ಬಕ್ಕೆ ಹೆಸರಾಗಿ ನಿಂತಿತು.

ಬಿಲಗಳು ಕೆಲವು ವರ್ಷ ಐದಿರುತ್ತವೆ, ಕೆಲವು ವರ್ಷ ಒಂಬತ್ತು. ಕುರಿಗಾರರನ್ನು ಕೇಳಿದರೆ ಏಳೇ. ಸಂಜೆ ಗಾಳಿಗೆ ಎದುರಾಗಿ, ಬೀಡಿ ಹಚ್ಚದೆ ಕುಳಿತವರಿಗೆ ಇಂದಿಗೂ ಆ ಎರಡು ಕಿವಿ ಕಾಣಿಸುತ್ತವೆ. ದಿನ ತುಂಬಿದ ಬಸುರಿಯಿರುವ ಹಟ್ಟಿ ಅಲ್ಲಿಗೆ ಬಂದರೆ, ಕುದುರೆಯಿಂದ ಇಳಿಸಿದ ಹೇರನ್ನು ಆ ರಾತ್ರಿ ಬಿಚ್ಚುವುದಿಲ್ಲ. ಮುಳುಗುವ ಹೊತ್ತಿಗೆ ಬಿಲಗಳ ಮುಂದೆ ಒಲೆಯ ಬೂದಿ ಹರಡಿ, ಬೆಳಕು ಹರಿದ ಮೇಲೆ ಆ ಹೆಂಗಸನ್ನೇ ಕರೆತರುತ್ತಾರೆ. ಅವಳು ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು ಹೆಜ್ಜೆಯ ಮೇಲೆ ಎರಡು ಬೆರಳಿಡುತ್ತಾಳೆ. ಹೆಜ್ಜೆ ಮುಚ್ಚಿಹೋದರೆ ಹಟ್ಟಿಯ ಹಿರಿಯನೂ ಬಾಯಿ ತೆರೆಯುವಂತಿಲ್ಲ. "ಇನ್ನ ನಾ ನಡಿಯೂದಿಲ್ಲ" ಎಂದು ಅವಳು ಹೇಳಿದ ಮೇಲೆಯೇ ಗಂಡಸರು ಹೋಗಿ ಕುದುರೆಯ ಹೇರಿನ ಹಗ್ಗ ಬಿಚ್ಚುತ್ತಾರೆ.